ಇಲ್ಲದ ಪುಸ್ತಕದ ಸಿನಿಮಾ ಮತ್ತು ಇರುವ ಊರು

ಪುಸ್ತಕ ಓದಿ ಆಮೇಲೆ ಸಿನಿಮಾ ನೋಡಿದವರದ್ದು ಯಾವಾಗಲೂ ಒಂದೇ ಗೋಳು. ಅದು ಬಿಟ್ಟಿದ್ದಾರೆ, ಇದು ಸೇರಿಸಿದ್ದಾರೆ, ನಾನು ಅಂದುಕೊಂಡ ಹಾಗೆ ಇಲ್ಲವೇ ಇಲ್ಲ! ‘ಲಾರ್ಡ್ ಆಫ್ ದಿ ರಿಂಗ್ಸ್’ ಓದಿದವರು ಸಿನಿಮಾದಲ್ಲಿ ಟಾಮ್ ಬಾಂಬಡಿಲ್ ಎಲ್ಲಿ ಅಂತ ಇವತ್ತಿಗೂ ಹುಡುಕ್ತಾ ಇದ್ದಾರೆ :-) ನಮ್ಮಲ್ಲೂ ಇದೇನು ಹೊಸದಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲ್, ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ‘ನಾಗರಹಾವು’ ಮಾಡಿದರು. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ತ.ರಾ.ಸು. ಬೇಸರಪಟ್ಟುಕೊಂಡಿದ್ದು ಎಲ್ಲರೂ ಕೇಳಿರುವ ಕಥೆ. ಜನ ಮಾತ್ರ ರಾಮಾಚಾರಿಯನ್ನು ತಲೆ ಮೇಲೆ ಹೊತ್ತುಕೊಂಡರು. ಅಲ್ಲಿ ಪುಸ್ತಕವೂ ಇದೆ, ಸಿನಿಮಾವೂ ಇದೆ. ಜಗಳ ಆಡುವವರಿಗೆ ಎರಡೂ ಕೈಗೆ ಸಿಗುತ್ತವೆ.

ಆದರೆ ಮೂಲ ಪುಸ್ತಕವೇ ಇಲ್ಲದಿದ್ದರೆ ಯಾವುದರ ಜೊತೆ ಹೋಲಿಸೋದು?

2018ರ ಡಿಸೆಂಬರಿನಲ್ಲಿ ಬಂದ ‘ಕೆ.ಜಿ.ಎಫ್: ಚಾಪ್ಟರ್ 1’ ನೋಡಿದವರಿಗೆ ನೆನಪಿರಬೇಕು. ಆನಂದ್ ಇಂಗಳಗಿ ಅನ್ನುವ ಪತ್ರಕರ್ತ (ಅನಂತ್ ನಾಗ್) ‘ಎಲ್ ಡೊರಾಡೊ’ ಅಂತ ಒಂದು ಪುಸ್ತಕ ಬರೆದಿರುತ್ತಾನೆ. ಸರ್ಕಾರ ಅದನ್ನು ನಿಷೇಧಿಸಿ ನಾಶ ಮಾಡಿರುತ್ತೆ. ಉಳಿದ ಒಂದು ಪ್ರತಿ ಟಿವಿ ಚಾನೆಲ್‌ನವರ ಕೈಗೆ ಸಿಕ್ಕಿ ಕಥೆ ಶುರುವಾಗುತ್ತೆ. ಅಂದರೆ ಇಡೀ ಸಿನಿಮಾ ತನ್ನನ್ನು ತಾನೇ ಒಂದು ಪುಸ್ತಕದ ರೂಪಾಂತರ ಅಂತ ಹೇಳಿಕೊಳ್ಳುತ್ತೆ! ಪುಸ್ತಕ ಇರುವುದು ಪ್ರಶಾಂತ್ ನೀಲ್ ಅವರ ಕಲ್ಪನೆಯಲ್ಲಿ ಮಾತ್ರ. ಇಂಥ ಉಪಾಯಕ್ಕೆ ಶಭಾಷ್ ಅನ್ನಲೇಬೇಕು. ಆದರೆ ಊರು ನಿಜವಾದದ್ದು, ಹೆಸರೂ ನಿಜವಾದದ್ದು. ಹಾಗಾಗಿ ಈ ಸಿನಿಮಾಕ್ಕೆ ಮೂಲ ಅಂತ ಇರುವುದು ಆ ಊರಿನ ಚರಿತ್ರೆಯೊಂದೇ. ಬನ್ನಿ, ಅದನ್ನೇ ಸ್ವಲ್ಪ ತೆರೆದು ನೋಡೋಣ.

ಸಿನಿಮಾದಲ್ಲಿ ಕೋಲಾರದ ಚಿನ್ನ ಕಣ್ಣಿಗೆ ಬೀಳೋದು 1951ರಲ್ಲಿ, ರಾಕಿ ಹುಟ್ಟಿದ ವರ್ಷ. ನಿಜದಲ್ಲಿ ಆ ಹೊತ್ತಿಗೆ ಕಂಪನಿ ಗಣಿಗಾರಿಕೆಗೇ ಎಪ್ಪತ್ತು ವರ್ಷ ವಯಸ್ಸಾಗಿತ್ತು. ಅದಕ್ಕೂ ಬಹಳ ಹಿಂದಿನಿಂದ ಊರವರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದರು. 1802ರಲ್ಲಿ ಸರ್ವೆ ಕೆಲಸಕ್ಕೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಉರಿಗಾಂ, ಮಾರಿಕುಪ್ಪಂ ಕಡೆ ಅದನ್ನು ಕಣ್ಣಾರೆ ನೋಡಿ ಬರೆದಿಟ್ಟ. ಸುಮಾರು ಎಪ್ಪತ್ತು ವರ್ಷ ಆದ ಮೇಲೆ ಮೈಕೆಲ್ ಲ್ಯಾವೆಲ್ ಅನ್ನುವ ನಿವೃತ್ತ ಐರಿಷ್ ಸೈನಿಕ, ವಾರೆನ್ ಕಂಡದ್ದನ್ನು ಹೇಳುವ ಒಂದು ಹಳೇ ಲೇಖನ ಓದಿದ. ಬರೀ ನಾಲ್ಕು ಪುಟ! ತಲೆಗೆ ಹುಳ ಹೊಕ್ಕಿತು. ಬೆಂಗಳೂರಿಂದ ಎತ್ತಿನ ಗಾಡಿ ಕಟ್ಟಿಕೊಂಡು ಹೊರಟ, ಮೈಸೂರು ಸರ್ಕಾರದಿಂದ ಪರವಾನಗಿ ತಗೊಂಡ, ದುಡ್ಡು ಸಾಲದೆ ಬಿಟ್ಟುಕೊಟ್ಟ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು. ಹಾಗೆ ನೋಡಿದರೆ ಕೆ.ಜಿ.ಎಫ್ ಊರೇ ನಾಲ್ಕು ಪುಟದ ಬರಹವೊಂದರ ರೂಪಾಂತರ :-)

ಪಕ್ಕದ ಬಂಗಾರಪೇಟೆಯ ಕಥೆ ಇನ್ನೂ ಮಜಾ. ಚಿನ್ನ ಸಿಕ್ಕಿದ್ದಕ್ಕೇ ಊರಿಗೆ ಆ ಹೆಸರಿಟ್ಟರು ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಅದು ಬೌರಿಂಗ್‌ಪೇಟೆ, ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನದ್ದು (ನಮ್ಮ ಬೌರಿಂಗ್ ಆಸ್ಪತ್ರೆಯವರೇ). 1894ರಲ್ಲಿ ಅಲ್ಲಿಂದ ಮಾರಿಕುಪ್ಪಂವರೆಗೆ ರೈಲು ದಾರಿ ಆಯ್ತು. ಗಣಿಯ ಯಂತ್ರಗಳು, ಕೂಲಿಯವರು, ಸಾಮಾನು ಎಲ್ಲಾ ಆ ಜಂಕ್ಷನ್ ದಾಟಿಯೇ ಹೋಗಬೇಕಿತ್ತು. ಆಮೇಲೆ ಬೌರಿಂಗ್ ಹೋಗಿ ಬಂಗಾರ ಬಂತು. ಇದಕ್ಕಿಂತ ಚೆಂದದ ರೂಪಾಂತರ ಯಾವ ಸಿನಿಮಾದವರು ಮಾಡಿಯಾರು ಹೇಳಿ? ಈಗ ಬಂಗಾರಪೇಟೆ ಅಂದರೆ ಬೆಂಗಳೂರಿನವರಿಗೆ ನೆನಪಾಗೋದು ನೀರಿನಂತೆ ತಿಳಿಯಾದ ಪಾನಿಯ ಪಾನಿಪುರಿ, ಅದು ಬೇರೆ ಮಾತು.

ಇನ್ನು ಫ್ಯಾಂಟಸಿ ಬೇಕು ಅನ್ನುವವರಿಗೆ ಮೂಲದಲ್ಲೇ ಬೇಕಾದಷ್ಟಿದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಗಣಿಗೆ ಕರೆಂಟು ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಅದಾದ ಮೂರು ವರ್ಷಕ್ಕೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಪ್ರಪಂಚದ ಅತಿ ಆಳದ ಗಣಿಗಳ ಸಾಲಿಗೆ ಸೇರಿತು. ಕೆಳಗೆ ಬಂಡೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. 1965ರಲ್ಲಿ ಅದೇ ಕತ್ತಲಲ್ಲಿ, ಭೂಮಿಯಿಂದ ಎರಡು ಕಿಲೋಮೀಟರಿಗೂ ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಹಿಡಿದರು. ಇದನ್ನು ಸಿನಿಮಾದಲ್ಲಿ ತೋರಿಸಿದರೆ ‘ಏನ್ ಗುರೂ, ಓವರ್ ಆಯ್ತು’ ಅನ್ನುತ್ತಿದ್ದೆವೇನೋ!

ಚಿತ್ರದ ಅಭಿಮಾನಿಗಳನ್ನು ಕೇಳಿದರೆ ಸೀದಾ ಉತ್ತರ: ಅದು ಸಿನಿಮಾ ಕಣ್ರೀ, ಡಾಕ್ಯುಮೆಂಟರಿ ಅಲ್ಲ. ಕನ್ನಡದ ಸಿನಿಮಾವೊಂದು ಇಡೀ ದೇಶದಲ್ಲಿ ಓಡಿತಲ್ಲ, ಅದಕ್ಕೆ ಸಂತೋಷಪಡಿ ಅಂತಾರೆ. ಸಂತೋಷ ನನಗೂ ಇದೆ. ಊರಿನ ಕಡೆಯವರ ಮಾತು ಬೇರೆ. ನಮ್ಮೂರಿನ ಹೆಸರು ಹೇಳಿದರೆ ಈಗ ಎಲ್ಲರೂ ಕೇಳೋದು ನರಾಚಿಯನ್ನ, ಗರುಡನ್ನ. ನಮ್ಮ ತಾತನನ್ನು ಯಾರೂ ಕೇಳಲ್ಲ ಅಂತಾರೆ. ಮೂರನೇ ಗುಂಪಿನವರು ಸೆಟ್ ಹಾಕಿದ ಸೈನೈಡ್ ದಿಬ್ಬ ತೋರಿಸ್ತಾರೆ. ಅದು ಗಣಿಯಿಂದ ತೆಗೆದು, ಅರೆದು, ಚಿನ್ನ ಹೀರಿಕೊಂಡು ಬಿಟ್ಟ ಮೂರು ಕೋಟಿ ಟನ್ನಿಗೂ ಹೆಚ್ಚಿನ ಕಸದ ಒಂದು ಭಾಗ. ಕ್ಯಾಮೆರಾಕ್ಕೆ ಅದು ಅದ್ಭುತ ಮರುಭೂಮಿ. ಗಾಳಿ ಬೀಸಿದಾಗ ಆ ಧೂಳು ಹೋಗಿ ಕೂರುವುದು ಪಕ್ಕದ ಮನೆಗಳ ಮೇಲೆ.

ಇದೇ ಊರಿನ ಮೇಲೆ ಇನ್ನೊಂದು ಫ್ಯಾಂಟಸಿಯೂ ಬಂತು. 2024ರ ಆಗಸ್ಟ್ 15ರಂದು ಬಿಡುಗಡೆಯಾದ ಪಾ. ರಂಜಿತ್ ಅವರ ತಮಿಳು ಸಿನಿಮಾ ‘ತಂಗಲಾನ್’. ಬಿಳಿಯ ಅಧಿಕಾರಿಯ ಜೊತೆ ಚಿನ್ನ ಹುಡುಕಲು ಉತ್ತರ ಆರ್ಕಾಟಿನಿಂದ ಹೊರಡುವ ಕೂಲಿಗಳು, ಚಿನ್ನ ಕಾಯುವ ಆರತಿ ಅನ್ನುವ ಮಾಯಾವಿ. ನೋಡಿದ ಕೆಲವರಿಗೆ ಮಾಟ-ಮಂತ್ರ ಜಾಸ್ತಿಯಾಯ್ತು. ಇನ್ನು ಕೆಲವರಿಗೆ, ಗಣಿ ಶುರುವಾಗೋ ಹೊತ್ತಿಗೆ ಸಿನಿಮಾ ಮುಗಿದುಹೋಯ್ತಲ್ಲ ಅಂತ ಬೇಜಾರು. ಆದರೂ ಮಾಯಾವಿಯನ್ನು ಪಕ್ಕಕ್ಕಿಟ್ಟರೆ ಒಂದು ವಿಷಯದಲ್ಲಿ ಅದು ಮೂಲಕ್ಕೆ ಹತ್ತಿರ ಇದೆ. ಕೆ.ಜಿ.ಎಫ್ ಗಣಿ ತೋಡಿದ ಕೈಗಳಲ್ಲಿ ಹೆಚ್ಚಿನವು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದ ದಲಿತರವು. ಆ ಸಿನಿಮಾದಲ್ಲಿ ಬುದ್ಧ ಬರೋದೂ ಸುಮ್ಮನೆ ಅಲ್ಲ. ಮದ್ರಾಸಿನ ಅಯೋತ್ತಿದಾಸ ಪಂಡಿತರ ಬೌದ್ಧ ಸಂಘಕ್ಕೆ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಮಾರಿಕುಪ್ಪಂನಲ್ಲಿ ಶಾಖೆ ಇತ್ತು. ಅವರ ‘ತಮಿಳನ್’ ಪತ್ರಿಕೆಯನ್ನು ಅವರು ತೀರಿಕೊಂಡ ಮೇಲೆ, 1926ರಲ್ಲಿ, ಜಿ. ಅಪ್ಪಾದುರೈಯಾರ್ ಕೆ.ಜಿ.ಎಫ್‌ನಿಂದಲೇ ಮತ್ತೆ ಹೊರಡಿಸಿದರು. ಚಾಂಪಿಯನ್ ರೀಫ್ಸ್‌ನಲ್ಲಿ ಸಿದ್ಧಾರ್ಥ ಪುತ್ತಕಶಾಲೆ ಅಂತ ಒಂದು ಪ್ರಕಾಶನವೇ ಇತ್ತು. ಅಂದರೆ ಸಿನಿಮಾ ಈ ಊರಿಗೆ ಒಂದು ಕಾಲ್ಪನಿಕ ನಿಷೇಧಿತ ಪುಸ್ತಕ ಕೊಟ್ಟಿತು. ಗಣಿ ಕೂಲಿಗಳ ಊರು ತನ್ನ ಪುಸ್ತಕಗಳನ್ನು ತಾನೇ ಅಚ್ಚು ಹಾಕಿಸಿ ಎಷ್ಟೋ ದಶಕಗಳಾಗಿದ್ದವು.

ನನ್ನ ತಕರಾರು ಇರೋದು ಇಲ್ಲೇ. ಇಸವಿ ತಪ್ಪು, ಕೋಟೆ ಇರಲಿಲ್ಲ, ಗರುಡ ಇರಲಿಲ್ಲ ಅನ್ನೋದೆಲ್ಲ ಚಿಕ್ಕ ವಿಷಯ. ಕಥೆ ಅಂದ ಮೇಲೆ ಅಷ್ಟು ಇದ್ದದ್ದೇ. ಆದರೆ ಸಿನಿಮಾದ ನರಾಚಿಯಲ್ಲಿ ಜನ ಬಾಯಿ ಬಿಡೋದಿಲ್ಲ. ಒಬ್ಬ ಬರಲಿ ಅಂತ ಕಾಯುತ್ತಾರೆ. ಮೂಲದಲ್ಲಿ ಅವರು ಕಾಯಲಿಲ್ಲ. 1930ರಲ್ಲಿ ಕಂಪನಿ ಎಲ್ಲ ಕೂಲಿಗಳ ಬೆರಳಚ್ಚು ತೆಗೆದು ದಾಖಲು ಮಾಡಲು ಹೊರಟಾಗ, ನಾವೇನು ಕಳ್ಳರಾ ಅಂತ ಸಾವಿರಾರು ಜನ ಗಣಿಗೆ ಇಳಿಯದೆ ಮುಷ್ಕರ ಹೂಡಿದರು. ಮಾನ್ಯತೆ ಪಡೆದ ಕಾರ್ಮಿಕ ಸಂಘ ಕೂಡ ಆಗ ಅಲ್ಲಿರಲಿಲ್ಲ. ರಾಕಿ ಭಾಯ್ ಅಂತೂ ಇರಲೇ ಇಲ್ಲ. 1946ರ ಹೋರಾಟದಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಸತ್ತರು.

ಖಳನಾಯಕನೂ ಅಷ್ಟೇ. ಸಿನಿಮಾದಲ್ಲಿ ಅವನಿಗೊಂದು ಮುಖ ಇದೆ, ಕಡಿದು ಹಾಕಬಹುದು. ಮೂಲದಲ್ಲಿ ಕೊಂದಿದ್ದು ಕಲ್ಲಿನ ಧೂಳು. 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಲಕ್ಷಣ ಕಂಡಿತ್ತು. ಆ ಧೂಳನ್ನು ಯಾವ ಹೀರೋ ಸುತ್ತಿಗೆ ಎತ್ತಿ ಹೊಡೆಯೋದು?

ಕ್ಲೈಮ್ಯಾಕ್ಸ್ ಕೂಡ ಸಪ್ಪೆ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, ಆಮೇಲೆ ಕೇಂದ್ರ, ಆಮೇಲೆ ಭಾರತ್ ಗೋಲ್ಡ್ ಮೈನ್ಸ್. ಎಂಟುನೂರು ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಗುಂಡಿನ ಸುರಿಮಳೆ ಇಲ್ಲ, ಹಿನ್ನೆಲೆ ಸಂಗೀತ ಇಲ್ಲ. ಅಪ್ಪಂದಿರು ಲಿಫ್ಟಿನಲ್ಲಿ ಪಾತಾಳಕ್ಕೆ ಇಳಿಯುತ್ತಿದ್ದ ಊರಿನಿಂದ ಮಕ್ಕಳು ಬೆಳಗಿನ ರೈಲು ಹಿಡಿದು, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ಕೆಲಸಕ್ಕೆ ಹೊರಟರು.

‘ನಾಗರಹಾವು’ ನೋಡಿ ಬೇಸರವಾದವನಿಗೆ ಕಾದಂಬರಿಗೆ ವಾಪಸ್ ಹೋಗುವ ದಾರಿ ಇದೆ. ಕೆ.ಜಿ.ಎಫ್ ನೋಡಿ ಮೂಲ ಓದಬೇಕು ಅನ್ನಿಸಿದ ಕನ್ನಡದ ಹುಡುಗನಿಗೆ ಏನು ಕೊಡೋಣ? ಇಂಗ್ಲಿಷ್ ಬಲ್ಲವನಾದರೆ ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಇದೆ. ಕಾರ್ಮಿಕರ ನೆನಪುಗಳಲ್ಲಿ ಬಹುಪಾಲು ತಮಿಳು, ತೆಲುಗಿನಲ್ಲಿವೆ, ಅದೂ ಹೆಚ್ಚಾಗಿ ಬಾಯಲ್ಲಿ. ಗಣಿ ಮುಚ್ಚಿದಾಗ ಐವತ್ತು ದಾಟಿದ್ದವರಿಗೆ ಈಗ ಎಪ್ಪತ್ತೈದರ ಮೇಲಾಯ್ತು. ಬಂಗಾರಪೇಟೆ, ಕೋಲಾರ, ಮಾಲೂರು ಕಡೆಯ ಬ್ಲಾಗಿಗ ಮಿತ್ರರೇ, ನಿಮ್ಮ ಬೀದಿಯಲ್ಲಿ ಇಂಥ ಹಿರಿಯರು ಇದ್ದರೆ ಅವರ ಮಾತನ್ನು ಕನ್ನಡಕ್ಕೆ ತಂದು ಒಂದು ಪುಟವಾದರೂ ಬರೆದು ಹಾಕಿ. ಲ್ಯಾವೆಲ್‌ನನ್ನು ಎಬ್ಬಿಸಿ ಕೂರಿಸಿದ್ದು ಬರೀ ನಾಲ್ಕು ಪುಟ ತಾನೇ?