ಸೆಲ್ಫ್ ತಿರುಗುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ: ರೋಟರಿ ಎಂಜಿನ್‌ನ ಹಳೇ ಕಾಯಿಲೆಯ ಕಥೆ

ಇವತ್ತು ಒಂದು ಕಾರಿನ ಕಾಯಿಲೆ, ಅದು ಹುಟ್ಟಿದ ಕಥೆ. ಸೆಲ್ಫ್ ಹೊಡೀತೀರಿ, ಎಂಜಿನ್ ಜೋರಾಗೇ ತಿರುಗುತ್ತೆ. ಬ್ಯಾಟರಿ ಚೆನ್ನಾಗಿದೆ, ಟ್ಯಾಂಕಲ್ಲಿ ಪೆಟ್ರೋಲ್ ಇದೆ. ಆದರೂ ಸ್ಟಾರ್ಟ್ ಆಗಲ್ಲ. ಹಿಂದಿನ ದಿನ ನಡೆದದ್ದು ಇಷ್ಟೇ: ತಣ್ಣಗಿದ್ದ ಕಾರನ್ನು ಗ್ಯಾರೇಜಿಂದ ಹತ್ತು ಅಡಿ ಆಚೆ ತಂದು, ತಕ್ಷಣ ಆಫ್ ಮಾಡಿದ್ದು. ಮಜ್ದಾ ಆರ್‌ಎಕ್ಸ್-8 ಇಟ್ಟುಕೊಂಡವರಿಗೆ ಈ ಅನುಭವ ಹೊಸದಲ್ಲ. ಮಜ್ದಾ ಅಂದ್ರೆ ನಮಗೆ ನೆನಪಾಗೋದು ಸ್ವರಾಜ್ ಮಜ್ದಾ ಲಾರಿ, ಮಿನಿ ಬಸ್ಸು. ಇದು ಅದೇ ಜಪಾನಿ ಕಂಪನಿಯ ಸ್ಪೋರ್ಟ್ಸ್ ಕಾರು, ಒಳಗೆ ಪಿಸ್ಟನ್ನೇ ಇಲ್ಲದ ಎಂಜಿನ್.

ಪೆಟ್ರೋಲ್ ಹೆಚ್ಚಾಗಿ ಪ್ಲಗ್ ಒದ್ದೆಯಾಗೋದು ನಮಗೂ ಗೊತ್ತು. ಹಳೇ ಸ್ಕೂಟರ್ ಕಾಲದಲ್ಲಿ "ಓವರ್‌ಫ್ಲೋ ಆಗಿದೆ, ಸ್ವಲ್ಪ ಹೊತ್ತು ಬಿಡು" ಅಂತಿದ್ರು. ಪ್ಲಗ್ ಬಿಚ್ಚಿ, ಒರೆಸಿ ಹಾಕಿದ್ರೆ ಕೆಲಸ ಮುಗೀತು. ರೋಟರಿ ಎಂಜಿನ್‌ನಲ್ಲಿ ಅಷ್ಟಕ್ಕೇ ಮುಗಿಯಲ್ಲ. ಯಾಕೆ ಅಂತ ತಿಳಿಯೋಕೆ ಜರ್ಮನಿಗೆ ಹೋಗಬೇಕು.

ಫೆಲಿಕ್ಸ್ ವಾಂಕೆಲ್ 1902ರಲ್ಲಿ ಹುಟ್ಟಿದ ಜರ್ಮನ್ ಎಂಜಿನಿಯರ್. ಅವರ ಎಂಜಿನ್ 1957ರ ಫೆಬ್ರವರಿ 1ರಂದು ಎನ್‌ಎಸ್‌ಯು ಕಂಪನಿಯಲ್ಲಿ ಮೊದಲ ಸಲ ಓಡಿತು. ಆ ಮೊದಲ ಮಾದರಿಯಲ್ಲಿ ಒಳಗಿನ ರೋಟರೂ ತಿರುಗುತ್ತಿತ್ತು, ಹೊರಗಿನ ಗೂಡೂ ತಿರುಗುತ್ತಿತ್ತು. ಪ್ಲಗ್ ಬದಲಿಸಬೇಕು ಅಂದ್ರೆ ಎಂಜಿನ್ನೇ ಬಿಚ್ಚಬೇಕು! ಎನ್‌ಎಸ್‌ಯುನ ಹಾನ್ಸ್ ಡೀಟರ್ ಪಾಶ್ಕೆ ಹೊರಗೂಡನ್ನು ನಿಲ್ಲಿಸಿ ಅದನ್ನು ಸರಳ ಮಾಡಿದರು. ಇವತ್ತು ರೋಟರಿ ಅಂತ ನಾವು ಕರೆಯೋದು ಅದನ್ನೇ.

ಚಿತ್ರ ಕಣ್ಣ ಮುಂದೆ ತಂದುಕೊಳ್ಳಿ. ನಡು ಸ್ವಲ್ಪ ಒಳಸರಿದ ಮೊಟ್ಟೆಯಾಕಾರದ ಗೂಡು. ಒಳಗೆ ಬದಿ ಉಬ್ಬಿದ ತ್ರಿಕೋನ ರೋಟರ್. ತ್ರಿಕೋನದ ಮೂರು ತುದಿಯಲ್ಲೂ ತೆಳ್ಳನೆಯ ಪಟ್ಟಿಯಂಥ ಒಂದೊಂದು ಸೀಲ್, ಅದರ ಹಿಂದೆ ಸ್ಪ್ರಿಂಗ್. ಈ ಸೀಲುಗಳು ಗೋಡೆಗೆ ಅಂಟಿಕೊಂಡೇ ಜಾರಬೇಕು. ಸಂದು ಬಿಟ್ಟರೆ ಕಂಪ್ರೆಷನ್ ಸೋರಿಹೋಗುತ್ತೆ. ರೋಟರಿಯ ಜೀವ ಇರೋದು ಈ ಪಟ್ಟಿಗಳಲ್ಲಿ.

ಹಿರೋಶಿಮಾದ ಟೊಯೊ ಕೊಗ್ಯೊ, ಅಂದ್ರೆ ಇವತ್ತಿನ ಮಜ್ದಾ, ಈ ಎಂಜಿನ್‌ಗೆ ಲೈಸೆನ್ಸ್ ಪಡೆಯಿತು. ಆಗ ಜಪಾನ್ ಸರ್ಕಾರಕ್ಕೆ ಸಣ್ಣ ಕಾರು ಕಂಪನಿಗಳನ್ನು ದೊಡ್ಡವುಗಳ ಜೊತೆ ಸೇರಿಸುವ ಯೋಚನೆ ಇತ್ತು. ಬೇರೆ ಯಾರ ಹತ್ತಿರವೂ ಇಲ್ಲದ್ದು ಏನಾದರೂ ಕೈಯಲ್ಲಿರಬೇಕು ಅನ್ನೋದು ಅಧ್ಯಕ್ಷ ತ್ಸುನೇಜಿ ಮತ್ಸುದಾ ಲೆಕ್ಕ. 1963ರಲ್ಲಿ ಕೆನಿಚಿ ಯಮಾಮೋಟೊ ನೇತೃತ್ವದಲ್ಲಿ 47 ಎಂಜಿನಿಯರ್‌ಗಳ ತಂಡ ಕೂತಿತು. ಜಪಾನಿನ ಹಳೇ ಕಥೆಯಲ್ಲಿ ಬರೋ 47 ಸಮುರಾಯ್‌ಗಳ ಹೆಸರೇ ಅವರಿಗೂ ಅಂಟಿಕೊಂಡಿತು.

ಎಂಜಿನ್ ಕೆಲವು ಗಂಟೆ ಓಡಿಸಿ ಬಿಚ್ಚಿದರೆ ಗೂಡಿನ ಒಳಗೋಡೆಯ ಮೇಲೆ ಅಲೆಅಲೆಯಾಗಿ ಗೀರು. ಸೀಲ್ ನಡುಗಿ ನಡುಗಿ ಕೆರೆದ ಗುರುತು. ಅದಕ್ಕೆ ಅವರಿಟ್ಟ ಹೆಸರು 'ದೆವ್ವದ ಉಗುರು'. ಹಲವು ವಸ್ತುಗಳಲ್ಲಿ ಸೀಲ್ ಮಾಡಿ ನೋಡಿದ ಮೇಲೆ, ಕೊನೆಗೆ ಅಲ್ಯೂಮಿನಿಯಂ ಸೇರಿಸಿದ ಕಾರ್ಬನ್ ಕೈ ಹಿಡಿಯಿತು. 1967ರ ಮೇ 30ರಂದು ಕಾಸ್ಮೋ ಸ್ಪೋರ್ಟ್ ಮಾರುಕಟ್ಟೆಗೆ ಬಂತು.

ಅದೇ ವರ್ಷ ಎನ್‌ಎಸ್‌ಯು ತನ್ನ ಆರ್‌ಒ 80 ಬಿಟ್ಟಿತು. ಯುರೋಪಿನ 'ವರ್ಷದ ಕಾರು' ಪ್ರಶಸ್ತಿಯೂ ಸಿಕ್ಕಿತು. ಆದ್ರೆ ಸೀಲ್ ಬೇಗ ಸವೆದು, ವಾರಂಟಿಯಲ್ಲಿ ಎಂಜಿನ್ ಬದಲಿಸಿ ಬದಲಿಸಿ ಕಂಪನಿ ಸುಸ್ತಾಯಿತು. ಹೊಸ ಎಂಜಿನ್ ಅರ್ಥವಾಗದ ಮೆಕ್ಯಾನಿಕ್‌ಗಳು ಹೆಸರನ್ನು ಇನ್ನಷ್ಟು ಕೆಡಿಸಿದರು. 1969ರಲ್ಲಿ ಎನ್‌ಎಸ್‌ಯು ಫೋಕ್ಸ್‌ವ್ಯಾಗನ್ ಮಡಿಲಿಗೆ ಬಿತ್ತು.

ಈಗ ಮತ್ತೆ ಸ್ಟಾರ್ಟ್ ಆಗದ ಕಾರಿಗೆ ಬರೋಣ. ಯಮಾಮೋಟೊ ತಂಡ ಬಗೆಹರಿಸಿದ್ದು ಓಡ್ತಾ ಇರೋ ಎಂಜಿನ್‌ನ ಸಮಸ್ಯೆ. ಓಡುವಾಗ ಗ್ಯಾಸಿನ ಒತ್ತಡ, ತಿರುಗುವ ರಭಸ ಎರಡೂ ಸೇರಿ ಸೀಲನ್ನು ಗೋಡೆಗೆ ಒತ್ತುತ್ತವೆ. ಸೆಲ್ಫ್ ಹೊಡೆಯುವಾಗ ವೇಗ ನಿಮಿಷಕ್ಕೆ ಸುಮಾರು 250 ಸುತ್ತು ಅಷ್ಟೇ. ಆಗ ದಿಕ್ಕು ಆ ಸ್ಪ್ರಿಂಗು, ಮತ್ತೆ ಗೋಡೆಯ ಮೇಲಿನ ತೆಳು ಎಣ್ಣೆಪದರ. ಕೋಲ್ಡ್ ಸ್ಟಾರ್ಟ್‌ನಲ್ಲಿ ಪೆಟ್ರೋಲ್ ಜಾಸ್ತಿ ಹೋಗುತ್ತೆ. ತಕ್ಷಣ ಆಫ್ ಮಾಡಿದ್ರೆ ಉಳಿದ ಪೆಟ್ರೋಲ್ ಎಣ್ಣೆಯನ್ನು ತೊಳೆದುಬಿಡುತ್ತೆ. ಪ್ಲಗ್ ಒದ್ದೆ, ಕಂಪ್ರೆಷನ್ ಇಲ್ಲ. ಮತ್ತೆ ಸೆಲ್ಫ್ ಹೊಡೆದಷ್ಟೂ ಇನ್ನಷ್ಟು ಪೆಟ್ರೋಲ್ ಒಳಗೆ.

2003ರಲ್ಲಿ ಬಂದ ಆರ್‌ಎಕ್ಸ್-8ರಲ್ಲಿ ಇದು ಎಷ್ಟು ಕಾಡಿತು ಅಂದ್ರೆ, ಮಜ್ದಾ ಇನ್ನೂ ವೇಗವಾಗಿ ತಿರುಗಿಸುವ ಸ್ಟಾರ್ಟರ್ ಮೋಟರ್ ಕೊಡಬೇಕಾಯಿತು. ಎಂಜಿನ್ ಸವೆತದ ದೂರುಗಳು ಬೇರೆ. ಅಮೆರಿಕದಲ್ಲಿ 2004ರಿಂದ 2008ರ ಮಾದರಿಗಳ ಎಂಜಿನ್ ವಾರಂಟಿಯನ್ನು 8 ವರ್ಷ ಅಥವಾ 1 ಲಕ್ಷ ಮೈಲಿಗೆ ಏರಿಸಿತು.

ಹಾಗಾದ್ರೆ ನಿಮ್ಮೆದುರಿನ ಎಂಜಿನ್ ಮುಳುಗಿದೆಯೋ, ಸತ್ತಿದೆಯೋ? ಇಲ್ಲಿ ತಪ್ಪಿದರೆ ಪ್ಲಗ್ ಒಣಗಿಸಿ ಮುಗಿಯೋ ಕೆಲಸಕ್ಕೆ ಪೂರಾ ಎಂಜಿನ್ ಬಿಚ್ಚೋ ಖರ್ಚು. ಮೊದಲು ಕಿವಿಗೊಡಿ. ಸೆಲ್ಫ್ ಹೊಡೆದಾಗ ಗತಿ ತಪ್ಪದೆ ಧಪ್ ಧಪ್ ಧಪ್ ಅಂದ್ರೆ ಕಂಪ್ರೆಷನ್ ಇದೆ. ಕಾಯಿಲ್, ಪ್ಲಗ್, ಪೆಟ್ರೋಲ್ ಪಂಪ್ ಕಡೆ ನೋಡಿ. ಆರ್‌ಎಕ್ಸ್-8ರಲ್ಲಿ ಕಾಯಿಲ್ ಕೈಕೊಡೋದು ಮಾಮೂಲು. ಧಪ್ ಇಲ್ಲದೆ ಫ್ಯಾನಿನ ಹಾಗೆ ಸಲೀಸಾಗಿ ಗುಯ್ ಅಂತ ತಿರುಗಿದರೆ ಕಂಪ್ರೆಷನ್ ಇಲ್ಲ. ಆಗ ಬ್ಯಾಟರಿ ಫುಲ್ ಚಾರ್ಜ್ ಮಾಡಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ವಲ್ಪ ಹೊತ್ತು ಸೆಲ್ಫ್ ಹೊಡೀರಿ. ಹಾಗೆ ಒತ್ತಿದಾಗ ಆರ್‌ಎಕ್ಸ್-8ರ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸುತ್ತೆ, ಗಾಳಿ ಮಾತ್ರ ಒಳಗೆ ಹೋಗುತ್ತೆ. ಆಗಲೂ ಏಳದಿದ್ರೆ ನಾಲ್ಕೂ ಪ್ಲಗ್ ಬಿಚ್ಚಿ ಒಣಗಿಸಿ, ತೂತಿನಲ್ಲಿ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಪ್ಲಗ್ ಇಲ್ಲದೆ ಸೆಲ್ಫ್ ಹೊಡೆದರೆ ತೂತಿನಿಂದ ಪೆಟ್ರೋಲ್ ಚಿಮ್ಮುತ್ತೆ, ಪಕ್ಕದಲ್ಲೇ ಕಾಯಿಲ್ ಇರುತ್ತೆ. ಬೆಂಕಿ ಹತ್ತೋಕೆ ಅಷ್ಟು ಸಾಕು. ಕಾಯಿಲ್ ವೈರು, ಪಂಪ್ ಫ್ಯೂಸ್ ತೆಗೆಯೋದು ಗೊತ್ತಿರೋರೇ ಈ ಕೆಲಸ ಮಾಡಬೇಕು.

ಎಣ್ಣೆ ಬಿಟ್ಟ ಮೇಲೆ ಧಪ್ ಧಪ್ ವಾಪಸ್ ಬಂದು, ಹೊಗೆ ಉಗುಳುತ್ತಾ ಎಂಜಿನ್ ಎದ್ದರೆ ಅದು ಬರೀ ಮುಳುಗಿತ್ತು. ತಣ್ಣಗಿದ್ದಾಗ ಏಳುತ್ತೆ, ಬಿಸಿಯಾದ ಮೇಲೆ ಏಳಲ್ಲ ಅಂದ್ರೆ ಸೀಲ್ ಸವೆದಿರೋ ಸಾಧ್ಯತೆ ಹೆಚ್ಚು. ಮಾಮೂಲಿ ಕಂಪ್ರೆಷನ್ ಗೇಜ್ ಇಲ್ಲಿ ಪೂರ್ತಿ ಸತ್ಯ ಹೇಳಲ್ಲ. ರೋಟರಿನ ಮೂರು ಮುಖಗಳಲ್ಲಿ ಚೆನ್ನಾಗಿರೋ ಒಂದರ ಅಂಕಿಯನ್ನಷ್ಟೇ ತೋರಿಸುತ್ತೆ.

ಒಂದೇ ವೇಗದಲ್ಲಿ ಬಹಳ ಹೊತ್ತು ಓಡೋ ಕೆಲಸ ಕೊಟ್ಟರೆ ಇದೇ ಎಂಜಿನ್ ಜಾಣ ಮಗು. 2009ರ ಏಪ್ರಿಲ್ 5ರಂದು ನಮ್ಮ ಕೋಲಾರದ ಹತ್ತಿರ, ಎರಡನೇ ಮಹಾಯುದ್ಧ ಕಾಲದ ಪಾಳು ರನ್‌ವೇ ಒಂದರಿಂದ 'ನಿಶಾಂತ್' ಡ್ರೋನ್ ಹಾರಿತು. ಅದರಲ್ಲಿದ್ದದ್ದು ಭಾರತದಲ್ಲೇ ಮಾಡಿದ ವಾಂಕೆಲ್ ಎಂಜಿನ್. ಬೆಂಗಳೂರಿನ ಎನ್‌ಎಎಲ್, ಎಡಿಇ ಮತ್ತು ಅಹಮದ್‌ನಗರದ ವಿಆರ್‌ಡಿಇ ಸೇರಿ ಮಾಡಿದ್ದು.

ಆರ್‌ಎಕ್ಸ್-8 2012ಕ್ಕೆ ನಿಂತಿತು. 2023ರಲ್ಲಿ ಮಜ್ದಾ ರೋಟರಿಯನ್ನು ವಾಪಸ್ ತಂದಿತು, ಎಂಎಕ್ಸ್-30 ಅನ್ನೋ ಕಾರಲ್ಲಿ. ಒಂದೇ ರೋಟರ್, 830 ಸಿಸಿ. ಚಕ್ರ ತಿರುಗಿಸೋದು ಎಲೆಕ್ಟ್ರಿಕ್ ಮೋಟರ್. ರೋಟರಿಗೆ ಅಲ್ಲಿ ಕರೆಂಟ್ ಹುಟ್ಟಿಸೋ ಜನರೇಟರ್ ಕೆಲಸ ಮಾತ್ರ.