ಟೆಸ್ಟ್ ಟೇಬಲ್ ಯಾರು ಓದೋದಕ್ಕೆ?

ಟೆಸ್ಟ್‌ನಲ್ಲಿ ಟೇಬಲ್ ಬರೆಯೋದು ಕುಕುಂಬರ್‌ನಿಂದ ಶುರುವಾಗಿದ್ದಲ್ಲ. 2002ರಲ್ಲೇ ವಾರ್ಡ್ ಕನಿಂಗ್‌ಹ್ಯಾಮ್ 'ಫಿಟ್' ಅನ್ನೋ ಟೂಲ್ ಮಾಡಿದ್ರು. ಬಿಸಿನೆಸ್ ಗೊತ್ತಿರೋರು ಇನ್‌ಪುಟ್, ಬರಬೇಕಾದ ಉತ್ತರ ಎರಡನ್ನೂ ಟೇಬಲ್‌ನಲ್ಲಿ ಬರೀತಿದ್ರು. ಉತ್ತರ ಸರಿಯಿದ್ರೆ ಸೆಲ್ ಹಸಿರು, ತಪ್ಪಿದ್ರೆ ಕೆಂಪು.

2003ರಲ್ಲಿ ಡ್ಯಾನ್ ನಾರ್ತ್ ಜೆಬಿಹೇವ್ ಶುರು ಮಾಡಿದಾಗ 'ಟೆಸ್ಟ್' ಅನ್ನೋ ಪದ ಬಿಟ್ಟು 'ಬಿಹೇವಿಯರ್' ಅಂದ್ರು. ಆಮೇಲೆ ಗಿವನ್-ವೆನ್-ದೆನ್ ವಾಕ್ಯಗಳು ಬಂದವು. 2008ರಲ್ಲಿ ಆಸ್ಲಾಕ್ ಹೆಲೆಸೊಯ್ ಕುಕುಂಬರ್ ತಂದರು. ಅದರ ಸಿನಾರಿಯೋ ಔಟ್‌ಲೈನ್‌ನಲ್ಲಿ ವಾಕ್ಯವೂ ಟೇಬಲೂ ಒಂದಾದವು. ಅದರ ಗರ್ಕಿನ್ ಭಾಷೆಯಲ್ಲಿ ಕನ್ನಡ ಕೀವರ್ಡ್‌ಗಳೂ ಇವೆ: ಎಕ್ಸಾಂಪಲ್ಸ್ ಬದಲು 'ಉದಾಹರಣೆಗಳು' ಅಂತಲೇ ಬರೆಯಬಹುದು.

ಉದಾಹರಣೆ ಅಂದ್ರೆ ನಿಯಮವನ್ನ ಅರ್ಥ ಮಾಡಿಸಬೇಕು, ಅಲ್ವಾ? ನಾವೋ ಕಸ್ಟಮರ್ ಐಡಿ, ಪಿನ್‌ಕೋಡ್ ಎಲ್ಲಾ ಸೇರಿಸಿ ನಲವತ್ತು ಸಾಲು ತುಂಬ್ತೀವಿ. ₹500ರಿಂದ ಡೆಲಿವರಿ ಉಚಿತ ಅನ್ನೋ ನಿಯಮಕ್ಕೆ 499, 500 ಎರಡೇ ಸಾಲು ಸಾಕು. ಪಕ್ಕದಲ್ಲಿ 'ಕಾರಣ' ಅಂತ ಒಂದು ಕಾಲಂ ಇರಲಿ: 'ಮಿತಿಗಿಂತ ಒಂದು ರೂಪಾಯಿ ಕಡಿಮೆ', 'ಸರಿಯಾಗಿ ಮಿತಿ'. ಉತ್ತರಕ್ಕೆ ಸಂಬಂಧವಿಲ್ಲದ ಡೇಟಾ ಸ್ಟೆಪ್ ಕೋಡ್ ಒಳಗೆ ಹೋಗಲಿ.

ಪ್ರಾಡಕ್ಟ್ ಓನರ್ ಓದದ ಟೇಬಲ್ ಆದ್ರೆ, ಅದನ್ನ ಯೂನಿಟ್ ಟೆಸ್ಟ್ ಆಗಿ ಬರೆಯೋದೇ ವಾಸಿ. ಕನಿಂಗ್‌ಹ್ಯಾಮ್ ಟೇಬಲ್ ತಂದಿದ್ದು ಕೋಡ್ ಓದೋಕೆ ಬಾರದವರಿಗಾಗಿ.