ಅರವತ್ತಾರು ಕೂಪನ್ನುಗಳ ಸಂಸಾರ

1941ರ ಜೂನ್ 1, ಭಾನುವಾರ. ಬ್ರಿಟನ್ನಿನ ಅಂಗಡಿಗಳು ಮುಚ್ಚಿದ್ದವು. ಅಂದು ಬೆಳಿಗ್ಗೆ ಅಲ್ಲಿಯ ವ್ಯಾಪಾರ ಮಂಡಳಿಯ ಅಧ್ಯಕ್ಷ ಆಲಿವರ್ ಲಿಟಲ್ಟನ್ ರೇಡಿಯೋದಲ್ಲಿ ಮಾತನಾಡಿ, ಬಟ್ಟೆಗೂ ಪಾದರಕ್ಷೆಗೂ ಅಂದಿನಿಂದಲೇ ಪಡಿತರವು ಜಾರಿಗೆ ಬಂದಿದೆಯೆಂದು ಸಾರಿದರು. ಸುದ್ದಿ ಮೊದಲೇ ಹೊರಬಿದ್ದರೆ ಹಣವಂತರು ಅಂಗಡಿಗಳನ್ನು ಬರಿದುಮಾಡುವರೆಂಬ ಭಯವಿದ್ದುದರಿಂದ ಹೊಸ ಪುಸ್ತಕಗಳನ್ನು ಹಂಚಿರಲೇ ಇಲ್ಲ. ಜನರ ಆಹಾರ ಪಡಿತರ ಪುಸ್ತಕದಲ್ಲಿ ಬಳಕೆಯಾಗದೆ ಉಳಿದಿದ್ದ ಮಾರ್ಗರೀನ್ ಎಂಬ ಕೃತಕ ಬೆಣ್ಣೆಯ 26 ಚೀಟಿಗಳೇ ಆರಂಭದಲ್ಲಿ ಬಟ್ಟೆಯ ಚೀಟಿಗಳಾದವು!

ಯುದ್ಧಕಾಲವದು. ಹಡಗು, ಗಿರಣಿ, ಕಾರ್ಮಿಕ ಎಲ್ಲವೂ ಸೈನ್ಯಕ್ಕೆ ಬೇಕಾಗಿದ್ದವು. ಮೊದಲನೆಯ ವರ್ಷ ತಲೆಯೊಂದಕ್ಕೆ 66 ಕೂಪನ್ನುಗಳು. ಗಂಡಸಿನ ಪೂರ್ಣ ಸೂಟಿಗೆ 26, ಬೂಟಿಗೆ 7, ಸ್ತ್ರೀಯರ ಉಣ್ಣೆಯ ಉಡುಪಿಗೆ 11, ಹತ್ತಿಯದಕ್ಕೆ 7. ಹಣವನ್ನು ಬೇರೆಯಾಗಿಯೇ ತೆರಬೇಕು. ಒಂದು ಸೂಟು, ಒಂದು ಜೊತೆ ಬೂಟು ಕೊಂಡವನ ಕೂಪನ್ನಿನ ಅರ್ಧ ಅಲ್ಲಿಗೇ ಮುಗಿಯಿತು. ಮುಂದಿನ ವರ್ಷಗಳಲ್ಲಿ ಈ ಸಂಖ್ಯೆಯೂ ಇಳಿಯುತ್ತ ಹೋಯಿತು.

ವ್ಯಾಪಾರಸ್ಥರಿಗೆ ಇದರ ಲೆಕ್ಕವಿಧಾನ ಸ್ವಾರಸ್ಯಕರವಾಗಿ ತೋರೀತು. ಗಿರಾಕಿಯಿಂದ ಪಡೆದ ಕೂಪನ್ನುಗಳನ್ನು ಚಿಲ್ಲರೆ ವ್ಯಾಪಾರಿಯು ಸಗಟು ವ್ಯಾಪಾರಿಗೆ ಒಪ್ಪಿಸಿದರೆ ಮಾತ್ರ ಹೊಸ ಸರಕು ದೊರೆಯುತ್ತಿತ್ತು. ಆತ ತಯಾರಕನಿಗೆ ಒಪ್ಪಿಸಬೇಕು. ಹಣದ ಖಾತೆಯಂತೆಯೇ ಬ್ಯಾಂಕುಗಳಲ್ಲಿ ಕೂಪನ್ನಿನ ಖಾತೆಗಳೂ ತೆರೆದವು. ಕೂಪನ್ನಿಲ್ಲದೆ ಗುಟ್ಟಾಗಿ ಮಾರಿದವನ ಬೀರು ತಾನೇ ಬರಿದಾಗುತ್ತಿತ್ತು. ಆದರೂ ಕಳ್ಳಸಂತೆ ನಡೆಯದಿರಲಿಲ್ಲ. ಕೊಳ್ಳಲು ಹಣವಿಲ್ಲದ ಬಡವರು ತಮ್ಮ ಕೂಪನ್ನುಗಳನ್ನೇ ಮಾರಿಕೊಂಡರು.

ಹಳೆಯ ಬಟ್ಟೆಗೆ ಮಾತ್ರ, ಬೆಲೆ ನಿಗದಿಯಾದ ಮಿತಿಯೊಳಗಿದ್ದರೆ, ಕೂಪನ್ನು ಬೇಕಿರಲಿಲ್ಲ. ಬೆಲೆಗೆ ಮಿತಿ ಇಡದಿದ್ದರೆ ಹೊಸದನ್ನೇ ಹಳೆಯದೆಂದು ಮಾರುವವರು ಹುಟ್ಟಿಕೊಳ್ಳುತ್ತಿದ್ದರು. ಹೀಗಾಗಿ ಹಿಂದೆ ಬಡವರ ಪಾಲಿನದೆಂದು ಮೂಗು ಮುರಿಯಲ್ಪಡುತ್ತಿದ್ದ ಹಳೆಬಟ್ಟೆಯ ಅಂಗಡಿಯ ಮೆಟ್ಟಿಲನ್ನು ಮಧ್ಯಮವರ್ಗದ ಗೃಹಿಣಿಯರೂ ಹತ್ತಿದರು. ಬೆಳೆಯುವ ಮಕ್ಕಳಿದ್ದ ಮನೆಗಳ ಕಷ್ಟವೇ ಬೇರೆ. ಮಗುವಿಗೆ ಹೆಚ್ಚುವರಿ ಕೂಪನ್ನು ಕೊಟ್ಟರೂ ಅದರ ಕಾಲು ಬೂಟಿಗಿಂತ ಬೇಗ ಬೆಳೆಯುತ್ತಿತ್ತು! 1938ರಲ್ಲಿ ಲೇಡಿ ರೀಡಿಂಗ್ ಅವರು ಸ್ಥಾಪಿಸಿದ್ದ ಮಹಿಳಾ ಸ್ವಯಂಸೇವಾ ಸಂಸ್ಥೆಯು ಇದಕ್ಕಾಗಿ ವಿನಿಮಯ ಕೇಂದ್ರಗಳನ್ನು ತೆರೆಯಿತು. ತಾಯಿಯು ಮಗುವಿಗೆ ಚಿಕ್ಕದಾದ ಉಡುಪನ್ನು ಒಗೆದು ತಂದೊಪ್ಪಿಸಿ, ಅದಕ್ಕೆ ದೊರೆತ ಅಂಕಗಳಿಗೆ ಸರಿಯಾಗಿ ಮತ್ತೊಂದು ಅಳತೆಯದನ್ನು ಆರಿಸಿಕೊಳ್ಳುವಳು. ಪಡೆಯುವವಳೇ ಕೊಡುವವಳೂ ಆದುದರಿಂದ ಯಾರೂ ಯಾರೆದುರೂ ತಲೆತಗ್ಗಿಸಬೇಕಿರಲಿಲ್ಲ. ಇಡೀ ಏರ್ಪಾಟಿನಲ್ಲಿ ಅತ್ಯಂತ ಮಾನವೀಯವಾದ ಅಂಶವಿದು.

1943ರಲ್ಲಿ ಸರ್ಕಾರವು ‘ಇದ್ದುದರಲ್ಲೇ ಸುಧಾರಿಸಿ, ಹರಿದುದನ್ನು ಹೊಲಿಯಿರಿ’ ಎಂಬರ್ಥದ ಕಿರುಪುಸ್ತಕವನ್ನು ಹೊರತಂದಿತು. ತೇಪೆ ಹಾಕುವುದನ್ನು ಭಾರತೀಯ ಅಜ್ಜಿಯರಿಗೆ ಸರ್ಕಾರ ಕಲಿಸಬೇಕಾಗಿರಲಿಲ್ಲವೆನ್ನಿ. ಇದಕ್ಕೂ ಮುಂಚೆ ಗಂಡಸರ ಷರಾಯಿಯ ಕೆಳಗಿನ ಮಡಿಕೆಯನ್ನು ನಿಷೇಧಿಸಲಾಗಿತ್ತು. ಉದ್ದನೆಯ ಷರಾಯಿ ಕೊಂಡು ಮನೆಯಲ್ಲಿ ತಾವೇ ಮಡಿಸಿಕೊಂಡವರು ಅನೇಕರು. 1944ರಲ್ಲಿ ಆ ನಿಷೇಧ ಹೋಯಿತು.

ಕೂಪನ್ನು ಎಲ್ಲರಿಗೂ ಸಮವಾಗಿದ್ದರೂ ಬೀರು ಸಮವಾಗಿರಲಿಲ್ಲ. ಯುದ್ಧಕ್ಕೆ ಮುನ್ನವೇ ಹತ್ತು ಉತ್ತಮ ಕೋಟುಗಳಿದ್ದವನು ನಿಶ್ಚಿಂತನಾಗಿದ್ದ. ತತ್ತ್ವಾರ್ಥಸೂತ್ರವು ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಹೊಲ, ಮನೆ, ಚಿನ್ನಗಳೊಡನೆ ‘ಕುಪ್ಯ’ವನ್ನೂ ಹೆಸರಿಸುತ್ತದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಆ ಪದಕ್ಕೆ ಹತ್ತಿ, ರೇಷ್ಮೆ ಮೊದಲಾದ ಬಟ್ಟೆಗಳನ್ನು ಸೇರಿಸಿ ಅರ್ಥ ಹೇಳಿದ್ದಾರೆ. ಅಲ್ಲಿ ಎಣಿಕೆ ಆಗಬೇಕಾದುದು ಈಗಾಗಲೇ ಮನೆಯಲ್ಲಿರುವ ವಸ್ತು. ಲಂಡನ್ನಿನ ಕೂಪನ್ನು ಎಣಿಸಿದ್ದು ಇನ್ನು ಮುಂದೆ ಕೊಳ್ಳುವುದನ್ನು ಮಾತ್ರ. ಹೊರಗಿನವರು ಹೇರಿದ ಮಿತಿಯು ವ್ರತವಾಗಲಾರದು, ನಿಜ. ಆದರೆ ಹಣದಿಂದಲ್ಲದೆ ವಸ್ತುವಿನ ಸಂಖ್ಯೆಯಿಂದ ಅಳೆದುದರಲ್ಲಿ ಎರಡಕ್ಕೂ ನಂಟುಂಟು.

ಅದೇ ವರ್ಷಗಳಲ್ಲಿ ಭಾರತದಲ್ಲಿಯೂ ಬಟ್ಟೆಯ ಅಭಾವವಿತ್ತು. 1943ರಲ್ಲಿ ಹತ್ತಿಬಟ್ಟೆ ಮತ್ತು ನೂಲಿನ ನಿಯಂತ್ರಣಾಜ್ಞೆ ಹೊರಟಿತು. ಕ್ಷಾಮಪೀಡಿತ ಬಂಗಾಳದ ಹಳ್ಳಿಗಳಲ್ಲಿ ಹಂಚಿಕೊಳ್ಳಲು ಹಳೆಯ ಬಟ್ಟೆಯೂ ಉಳಿದಿರಲಿಲ್ಲ. ಅದನ್ನು ಮಿತವ್ಯಯವೆಂದು ಕರೆಯುವುದು ಪಾಪವಾದೀತು.

ಬ್ರಿಟನ್ನಿನಲ್ಲಿ ಯುದ್ಧ ಮುಗಿದ ಮೇಲೂ ಕೂಪನ್ನು ಉಳಿಯಿತು; ಹೆರಾಲ್ಡ್ ವಿಲ್ಸನ್ ವ್ಯಾಪಾರ ಮಂಡಳಿಯ ಅಧ್ಯಕ್ಷರಾಗಿದ್ದಾಗ, 1949ರ ಮಾರ್ಚ್ 15ರಂದು ಅದನ್ನು ತೆಗೆದುಹಾಕಲಾಯಿತು. ಅಷ್ಟರಲ್ಲಿ, ಗ್ರೀಸಿನ ಹಸಿದವರಿಗಾಗಿ 1942ರಲ್ಲಿ ಆಕ್ಸ್‌ಫರ್ಡಿನಲ್ಲಿ ಕೂಡಿದ್ದ ಸಮಿತಿಯೊಂದು, ಇಂದಿನ ಆಕ್ಸ್‌ಫಾಮ್, ಅದೇ ಊರಿನ ಬ್ರಾಡ್ ಸ್ಟ್ರೀಟಿನಲ್ಲಿ ದಾನವಾಗಿ ಬಂದ ಹಳೆಯ ವಸ್ತುಗಳನ್ನು ಮಾರುವ ಅಂಗಡಿಯನ್ನು ತೆರೆದಿತ್ತು. ಕೊಳ್ಳುವವನು ತೆತ್ತ ಹಣ ಮತ್ತೊಂದು ದೇಶದ ಹಸಿವಿಗೆ ಹೋಗುತ್ತಿತ್ತು.